ತಿದಿಯಿಲ್ಲದ ಪೇಟಿ

ಧಾರವಾಡ
28 ಡಿಸೆಂಬರ್ 2023

ಅಪ್ಪಾ,

ಮೊದಲು ನಮಸ್ಕಾರ, ಜಗಳ ಆಮೇಲೆ.

ಎರಡು ವರ್ಷದಿಂದ ನೀವು ಫೋನಿಗೆ ಬರುತ್ತಿಲ್ಲ. ಅವ್ವ ಎತ್ತುತ್ತಾಳೆ, "ನಿಮ್ಮಪ್ಪ ಸ್ನಾನಕ್ಕ ಹೋಗ್ಯಾರ" ಎನ್ನುತ್ತಾಳೆ. ಇಡೀ ಹಿಮಾಯತ್‌ನಗರದಲ್ಲಿ ನಿಮ್ಮಷ್ಟು ಸ್ನಾನ ಮಾಡುವವರು ಇನ್ನೊಬ್ಬರು ಇರಲಿಕ್ಕಿಲ್ಲ. "ದಿನವೆಲ್ಲ ತೆಲುಗು, ಹಿಂದಿ ಮಾತಾಡಿ ನಾಲಿಗೆ ತುಕ್ಕು ಹಿಡಿದಿದೆ, ಮಗಳಾದರೂ ಕನ್ನಡದಲ್ಲಿ ಕಾಗದ ಬರೆಯಲಿ" ಎಂದು ಹಟ ಹಿಡಿದವರು ನೀವೇ. ಸರಿ, ಬರೆಯುತ್ತಿದ್ದೇನೆ.

ಜಗಳ ಏನೆಂದರೆ ನಿಮ್ಮ ಎಡಭುಜ. ಹಾರ್ಮೋನಿಯಂ ಪೇಟಿಯ ತಿದಿ ಒತ್ತಬೇಡಿ ಎಂದು ಡಾಕ್ಟರು ಹೇಳಿ ಮೂರು ತಿಂಗಳಾಯಿತಂತೆ. ಆದರೂ ಪ್ರತಿ ಸೋಮವಾರ ಕೋಠಿ ಬಜಾರಿಗೆ ಹೋಗಿ, ಕಲ್ಯಾಣಪ್ಪ ಕಾಕಾನ ಬಟ್ಟೆ ಅಂಗಡಿಯ ಮಾಳಿಗೆ ಹತ್ತಿ, ಭಜನೆ ಮುಗಿಯುವವರೆಗೂ ಪೇಟಿ ನುಡಿಸಿ, ಮನೆಗೆ ಬಂದು ನರಳುತ್ತೀರಂತೆ. ಪೇಟಿ ಬಿಡಿ ಎಂದರೆ ನೀವು ಬಿಡುವವರಲ್ಲ. ಅದಕ್ಕೇ ತಿದಿಯೇ ಇಲ್ಲದ ಪೇಟಿಯೊಂದನ್ನು ಕೊರಿಯರ್‌ನಲ್ಲಿ ಕಳಿಸುತ್ತಿದ್ದೇನೆ.

ಅದರ ಹೆಸರು ಮಿಡಿ ಕೀಬೋರ್ಡ್ ಕಂಟ್ರೋಲರ್. ಮೊಳಕ್ಕಿಂತ ಸ್ವಲ್ಪ ಉದ್ದ, ಮೂವತ್ತೆರಡು ಪಟ್ಟಿ. ಮೇಲೆ ನಾಲ್ಕು ನಾಬ್, ಒಂದಿಷ್ಟು ಗುಂಡಿ, ಎಡಕ್ಕೆ ಎರಡು ಚಕ್ರ ಇವೆ. ಶಾಲೆಯ ಮಕ್ಕಳಿಗೆ ಹಾಡು ಮಾಡಿಕೊಡಲು ನಾನು ಇಂಥದ್ದನ್ನೇ ಬಳಸುವುದು. ಉಳಿದ ಸಾಮಾನನ್ನು ಸಂಕ್ರಾಂತಿ ಆದಮೇಲೆ ನಮ್ಮ ಮಹೇಶಕುಮಾರನ ಕೈಯಲ್ಲಿ ಕಳಿಸುತ್ತೇನೆ. ದೊಡ್ಡಪ್ಪನ ಮಗನಾದರೂ ಸ್ವಂತ ತಮ್ಮನಿಗಿಂತ ಹೆಚ್ಚು ಮಾತು ಕೇಳುತ್ತಾನೆ. ಬಿಚ್ಚಿ ನೋಡಿ ಹೇಗಿದೆ ಎಂದು ಬರೆಯಿರಿ. ಸುಮ್ಮನೆ ಹೊಗಳಬೇಡಿ.

ನಿಮ್ಮ ಮಗಳು,
ಶಿವಗಂಗಾ


ಹಿಮಾಯತ್‌ನಗರ, ಹೈದರಾಬಾದ್
19 ಜನವರಿ 2024

ಪ್ರೀತಿಯ ಶಿವಗಂಗಾಗೆ ಆಶೀರ್ವಾದ.

ನೀನು ಕಳಿಸಿದ ಪೇಟಿ ಮುಟ್ಟಿತು. ನಿಮ್ಮವ್ವ ಪಕ್ಕದ ಮನೆಯವರ ಜೊತೆ ನಾಂಪಲ್ಲಿಯ ಎಕ್ಸಿಬಿಷನ್ನಿಗೆ ಹೋಗಿದ್ದಳು, ವರ್ಷಕ್ಕೊಮ್ಮೆ ಅಲ್ಲಿ ತಿರುಗಿ ಒಂದು ಜರಡಿಯನ್ನಾದರೂ ತರದಿದ್ದರೆ ಅವಳಿಗೆ ಸಮಾಧಾನವಿಲ್ಲ. ನಾನೊಬ್ಬನೇ ಇದ್ದೆ. ವೈರನ್ನು ಫೋನಿನ ಚಾರ್ಜರಿಗೆ ಹಚ್ಚಿದೆ, ಕೆಂಪು ದೀಪ ಹತ್ತಿದವು. ಬಹಳ ಹೊತ್ತು ನುಡಿಸಿದೆ. ಸ್ವರ ಭಾಳ ಮಧುರ. ಮಂದ್ರದಲ್ಲಿ ಗಾಂಭೀರ್ಯ ಇದೆ, ತಾರಕ್ಕೆ ಹೋದರೆ ಜೇನು. ಇಷ್ಟು ಸಣ್ಣ ಪೆಟ್ಟಿಗೆಯಲ್ಲಿ ಇಂಥ ನಾದ ಹೇಗೆ ತುಂಬಿದ್ದಾರೋ. ನಿಮ್ಮವ್ವ ಬರುವ ಹೊತ್ತಿಗೆ ಕಟ್ಟಿ ಕಪಾಟಿನ ಮೇಲಿಟ್ಟೆ.

ಆದರೆ ಇನ್ನು ಮೇಲೆ ಇಂಥದ್ದೇನೂ ಕಳಿಸಬೇಡ. ಉಳಿದ ಸಾಮಾನೂ ಬೇಡ. ಅರವತ್ತೇಳು ಆಯಿತು, ಎಲ್ಲದಕ್ಕೂ ಒಂದು ಮುಗಿಯುವ ಕಾಲ ಇರುತ್ತದೆ. ಶಿವರಾತ್ರಿ ಕಳೆದ ಮೇಲೆ ಭಜನೆಗೆ ಬೇರೆ ಯಾರನ್ನಾದರೂ ನೋಡಿಕೊಳ್ಳಿ ಎಂದು ಕಲ್ಯಾಣಪ್ಪನಿಗೆ ಹೇಳಬೇಕೆಂದಿದ್ದೇನೆ. ಭುಜದ ನೋವಿನ ನೆವ ಇದ್ದೇ ಇದೆ.

ಇನ್ನೊಂದು ಸುದ್ದಿ. ಗುಣವತಿಯನ್ನು ಬಿಡಿಸಿದೆ. ಕೋಠಿಯ ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವ ಹುಡುಗಿ, ಆರು ವರ್ಷದಿಂದ ನನ್ನ ಹತ್ತಿರ ಹಾಡು ಕಲಿಯುತ್ತಿದ್ದಳಲ್ಲ, ಅವಳೇ. ಒಂದು ವರ್ಷದಿಂದ ಶ್ರುತಿ ತಪ್ಪುತ್ತಲೇ ಇದೆ. ಹೋದ ಸೋಮವಾರ ಎಲ್ಲರ ಮುಂದೆ, "ಪೇಟಿ ಒಂದು ಹೇಳಿದ್ರ ನೀ ಒಂದು ಹೇಳ್ತಿ. ನಾಳಿಂದ ಬರಬ್ಯಾಡ" ಎಂದೆ. ಕಾಲಿಗೆ ಬಿದ್ದು ಹೋದಳು. ಅಂದಿನಿಂದ ನಿಮ್ಮವ್ವ ನನಗೆ ಊಟ ಬಡಿಸುತ್ತಾಳೆ, ಮಾತು ಬಡಿಸುತ್ತಿಲ್ಲ.

ಮೈ ಕಡೆ ಜೋಪಾನ.

ನಿನ್ನ ಅಪ್ಪ,
ಅಮೃತಪ್ಪ


ಧಾರವಾಡ
29 ಜನವರಿ 2024

ಅಪ್ಪಾ,

ನಿಮ್ಮ ಕಾಗದ ಬಂದು ನಾಲ್ಕು ದಿನವಾಯಿತು. ಎರಡು ಉತ್ತರ ಬರೆದು ಹರಿದೆ. ಇದನ್ನು ಹರಿಯುವುದಿಲ್ಲ.

ತಪ್ಪು ನನ್ನದು, ಅದನ್ನು ಮೊದಲು ಹೇಳಿಬಿಡುತ್ತೇನೆ. ಆ ಪೆಟ್ಟಿಗೆಗೆ ದನಿ ಇಲ್ಲ. ಅದರೊಳಗೆ ರೀಡೂ ಇಲ್ಲ, ಸ್ಪೀಕರೂ ಇಲ್ಲ. ಯಾವ ಪಟ್ಟಿ ಒತ್ತಿದಿರಿ, ಎಷ್ಟು ಜೋರಾಗಿ ಒತ್ತಿದಿರಿ ಎಂಬ ಸುದ್ದಿಯನ್ನು ಕಂಪ್ಯೂಟರಿಗೆ ಮುಟ್ಟಿಸುವುದಷ್ಟೇ ಅದರ ಕೆಲಸ. ನುಡಿಯುವುದು ಕಂಪ್ಯೂಟರು. ಮಹೇಶನ ಕೈಯಲ್ಲಿ ಕಳಿಸುತ್ತೇನೆಂದ 'ಉಳಿದ ಸಾಮಾನು' ಅಂದರೆ ನನ್ನ ಹಳೆಯ ಲ್ಯಾಪ್‌ಟಾಪು. ನನಗೆ ಇದು ಎಷ್ಟು ರೂಢಿಯಾಗಿದೆಯೆಂದರೆ, ಬರೆಯಬೇಕೆಂದೇ ಹೊಳೆಯಲಿಲ್ಲ.

ನೀವು ಪೊಟ್ಟಣ ಬಿಚ್ಚದೆಯೇ ಮಗಳ ಮನಸ್ಸು ನೋಯಬಾರದೆಂದು ಹೊಗಳಿರಬಹುದು ಎಂದುಕೊಂಡೆ. ಆದರೆ ಕೆಂಪು ದೀಪದ ಮಾತು ಬರೆದಿದ್ದೀರಿ. ಅಂದರೆ ಬಿಚ್ಚಿದ್ದೀರಿ, ಹಚ್ಚಿದ್ದೀರಿ, ಒತ್ತಿದ್ದೀರಿ. ಏನೂ ಕೇಳಿಸಲಿಲ್ಲ. ಕಿವಿಯೇ ಹೋಯಿತು ಎಂದುಕೊಂಡಿರಿ. ಅದನ್ನು ನನಗೆ ಹೇಳಲಾರದೆ ಜೇನು, ನಾದ ಎಂದೆಲ್ಲ ಬರೆದಿರಿ. ಅವತ್ತು ಆ ಮೂಕ ಪೆಟ್ಟಿಗೆಯ ಮುಂದೆ ನೀವೊಬ್ಬರೇ ಕೂತಿದ್ದನ್ನು ನೆನೆದರೆ ನನಗೆ ಅಳು ತಡೆಯಲಾಗುತ್ತಿಲ್ಲ. ಅಪ್ಪಾ, ಅದರಲ್ಲಿ ನಿಮಗೆ ಕೇಳದೇ ಇದ್ದದ್ದು ಯಾರಿಗೂ ಕೇಳುವುದಿಲ್ಲ.

ಆದರೂ ಒಂದು ಮಾತು ಕೇಳದೆ ಬಿಡಲಾರೆ. ಬೇರೆ ಯಾರಾದರೂ ಆಗಿದ್ದರೆ ಪಟ್ಟಿ ಒತ್ತಿ, ದನಿ ಬರದಿದ್ದರೆ, "ಪೆಟ್ಟಿಗಿ ಕೆಟ್ಟೈತಿ" ಎನ್ನುತ್ತಿದ್ದರು. ನಿಮಗೆ ಪೆಟ್ಟಿಗೆಯ ಮೇಲೆ ಅನುಮಾನವೇ ಬರಲಿಲ್ಲ, ನಿಮ್ಮ ಮೇಲೆಯೇ ಬಂತು. ಅಂದರೆ ಈ ಹೆದರಿಕೆ ಹೊಸದಲ್ಲ. ಫೋನಿಗೆ ಬರದೇ ಇರುವುದೂ ಇದಕ್ಕೇ ಏನು? ಕಿವಿ ಮಂದವೆಂದು ಗೊತ್ತಾದರೆ ಭಜನಾ ಮಂಡಳಿಯವರು ನಿಮ್ಮ ಮುಂದಿನಿಂದ ಪೇಟಿ ಎತ್ತಿಬಿಡುತ್ತಾರೆ ಎಂಬ ಅಂಜಿಕೆಯೇ? ಅವರು ಎತ್ತುವ ಮೊದಲು ನೀವೇ ಎದ್ದುಬಿಡಬೇಕೆಂದು ಹೊರಟಿದ್ದೀರಾ?

ನನಗೆ ಸಿಟ್ಟಿಲ್ಲ. ಬರೆಯಿರಿ.

ಶಿವಗಂಗಾ


ಹಿಮಾಯತ್‌ನಗರ
14 ಫೆಬ್ರುವರಿ 2024

ಮಗಳೇ ಶಿವಗಂಗಾ,

ನಾನು ನಿಮ್ಮವ್ವ. ಅವರು ಬರೆಯುವುದಿಲ್ಲ, ಅದಕ್ಕೆ ನಾನು ಬರೆಯುತ್ತಿದ್ದೇನೆ. ಅಕ್ಷರ ನೋಡಿ ನಗಬೇಡ. ಫೋನಿನಲ್ಲಿ ಹೇಳಬಹುದಿತ್ತು, ಆದರೆ ಈ ಮನುಷ್ಯ ಈಗ ಮನೆ ಬಿಟ್ಟು ಕದಲುತ್ತಿಲ್ಲ.

ನಿನ್ನ ಕಾಗದ ಓದಿ ಮಡಚಿ ಅಂಗಿಯ ಕಿಸೆಯಲ್ಲಿಟ್ಟುಕೊಂಡು ಮನೆಯ ಮಾಳಿಗೆಗೆ ಹೋದರು. ಸ್ವಲ್ಪ ಹೊತ್ತಿಗೆ ಮೇಲೆ ಒಬ್ಬರೇ ನಗುವುದು ಕೇಳಿತು. ಏನಾಯಿತೋ ಎಂದು ಓಡಿದರೆ, "ಪೆಟ್ಟಿಗಿ ಮೂಕ ಐತಂತ ನೋಡು, ಪೆಟ್ಟಿಗಿನ ಮೂಕ ಐತಂತ!" ಎಂದು ಕಣ್ಣು ಒರೆಸಿಕೊಂಡರು. ಅವತ್ತು ಎರಡು ರೊಟ್ಟಿ ಹೆಚ್ಚು ಉಂಡರು. ಮರುದಿನದಿಂದ ನಾಚಿಕೆ ಶುರುವಾಯಿತು. ಮಹೇಶ ಬಂದು ಲ್ಯಾಪ್‌ಟಾಪ್ ಇಟ್ಟು, ವೈರು ಎಲ್ಲಿ ಹಚ್ಚಬೇಕೆಂದು ನನಗೆ ತೋರಿಸಿ ಹೋಗಿದ್ದಾನೆ. ಇವರು ಅದರ ಕಡೆ ನೋಡುವುದಿಲ್ಲ.

ಕಿವಿ ಮಂದವಾಗಿದ್ದು ನನಗೆ ಗೊತ್ತು. ಮನೆಯಲ್ಲಿ ಅವರೊಬ್ಬರೇ ಇದ್ದಾಗ ಕುಕ್ಕರಿನ ಸೀಟಿ ಕೇಳದೆ ಎರಡು ಸಲ ಬೇಳೆ ಸೀದಿತು. "ನೀನ ಮರತು ಇಟ್ಟು ಹೋಗಿದ್ದಿ" ಎಂದು ನನ್ನ ತಲೆಗೆ ಕಟ್ಟಿದರು. ಹೂಂ ಎಂದೆ. ಸ್ನಾನದ ಸುಳ್ಳೂ ನನ್ನದೇ. ಗಂಡಸಿನ ಮಾನ ಕಾಯುವುದು ಹಾಲು ಕಾಯಿಸಿದಂತೆ, ಒಂದು ಕ್ಷಣ ಆಚೀಚೆ ನೋಡಿದರೆ ಉಕ್ಕುತ್ತದೆ.

ಆ ಗುಂಡಿ, ನಾಬ್ ಯಾವುದು ಏನು ಮಾಡುತ್ತದೆ ಎಂದು ದೊಡ್ಡ ಅಕ್ಷರದಲ್ಲಿ ಬರೆದು ಕಳಿಸು. ಕಿವಿಯ ಮಾತು ಎತ್ತಬೇಡ. ವಿದ್ಯೆಯ ಮಾತಾಡಿದರೆ ಈ ಮನುಷ್ಯ ಬಗ್ಗುತ್ತಾರೆ.

ನಿಮ್ಮವ್ವ,
ಶರಣಬಸಮ್ಮ


ಧಾರವಾಡ
20 ಫೆಬ್ರುವರಿ 2024

ಅಪ್ಪಾ,

ಇವತ್ತು ಬರೀ ಪಾಠ. ನೀವು ನನಗೆ ಸರಿಗಮ ಹೇಳಿಕೊಟ್ಟವರು, ಇದನ್ನು ನನ್ನಿಂದ ಕಲಿಯಲು ಸಂಕೋಚ ಬೇಡ.

ಪೇಟಿಯಲ್ಲಿ ಪಟ್ಟಿಯನ್ನು ಮೆಲ್ಲಗೆ ಒತ್ತಿದರೂ ಜೋರಾಗಿ ಒತ್ತಿದರೂ ದನಿ ಒಂದೇ, ಜೋರು ಬರುವುದು ತಿದಿಯಿಂದ. ಇಲ್ಲಿ ಬೆರಳೇ ತಿದಿ. ಮೆಲ್ಲಗೆ ಒತ್ತಿದರೆ ಮೆಲ್ಲಗೆ, ಗುದ್ದಿದರೆ ಗುದ್ದಿದಂತೆ. ಎಡಗೈಗೆ ಕೆಲಸವಿಲ್ಲ, ತೊಡೆಯ ಮೇಲೆ ಇಟ್ಟುಕೊಂಡು ಭುಜಕ್ಕೆ ಆರಾಮ ಕೊಡಿ.

ಇರುವುದು ಮೂವತ್ತೆರಡೇ ಪಟ್ಟಿ, ಮೂರು ಸಪ್ತಕ ಕೂಡ ಪೂರ್ತಿ ಆಗುವುದಿಲ್ಲ ಎಂದು ಬೈಯಬೇಡಿ. ಎಡಕ್ಕೆ 'ಆಕ್ಟೇವ್' ಎಂದು ಬರೆದ ಎರಡು ಗುಂಡಿ ಇವೆ. ಒಂದನ್ನು ಒತ್ತಿದರೆ ಎಲ್ಲ ಪಟ್ಟಿಗಳೂ ಒಂದು ಸಪ್ತಕ ಕೆಳಗಿಳಿಯುತ್ತವೆ, ಇನ್ನೊಂದರಿಂದ ಮೇಲೇರುತ್ತವೆ. ಪಕ್ಕದ ಎರಡು ಗುಂಡಿ ಶ್ರುತಿ ಬದಲಿಸುತ್ತವೆ, ಒಮ್ಮೆ ಒತ್ತಿದರೆ ಒಂದು ಪಟ್ಟಿಯಷ್ಟು. ನಿಮ್ಮ ಬೆರಳು ಇದ್ದಲ್ಲೇ ಇರುತ್ತದೆ.

ಮೊದಲ ಚಕ್ರ ತಳ್ಳಿದರೆ ಸ್ವರ ಜಾರುತ್ತದೆ, ಬಿಟ್ಟರೆ ತಾನೇ ಮರಳಿ ಬರುತ್ತದೆ. ಎರಡನೆಯದು ದನಿಯನ್ನು ನಡುಗಿಸುತ್ತದೆ, ಇಟ್ಟಲ್ಲೇ ನಿಲ್ಲುತ್ತದೆ. ಇನ್ನು ನಾಲ್ಕು ನಾಬ್. ಅವಕ್ಕೆ ಸ್ವಂತ ಕೆಲಸವಿಲ್ಲ, ಹಚ್ಚಿದ ಕೆಲಸ ಮಾಡುತ್ತವೆ. ನಿಮ್ಮ ಆಫೀಸಿನಲ್ಲಿ ಅದಕ್ಕೂ ಒಲ್ಲೆ ಎನ್ನುವವರಿದ್ದರಲ್ಲ, ಅವರಿಗಿಂತ ವಾಸಿ. ನಾನು ಹಚ್ಚಿಟ್ಟಿದ್ದು ಹೀಗೆ: ಮೊದಲನೆಯದು ದನಿ ಹೆಚ್ಚು ಕಡಿಮೆ ಮಾಡಲು. ಎರಡನೆಯದು ದನಿಯನ್ನು ಎಡಗಿವಿಯಿಂದ ಬಲಗಿವಿಗೆ ಸರಿಸಲು. ಮೂರನೆಯದು ದಪ್ಪ ನಾದಕ್ಕೆ, ನಾಲ್ಕನೆಯದು ಸಣ್ಣ ನಾದಕ್ಕೆ. ಹೆಡ್‌ಫೋನ್ ಹಚ್ಚಿಕೊಂಡು ಒಂದೊಂದನ್ನೇ ತಿರುಗಿಸಿ ನೋಡಿ. ಏನೂ ಕೆಡುವುದಿಲ್ಲ.

ನಿಮ್ಮ ಶಿಷ್ಯೆಯೂ ಆದ,
ಶಿವಗಂಗಾ


ಹಿಮಾಯತ್‌ನಗರ
6 ಮಾರ್ಚ್ 2024

ಮಗಳೇ,

ಹನ್ನೆರಡು ದಿನ ನಿನ್ನ ಪಾಠ ಮಾಡಿದೆ. ಮೊದಲ ದಿನ ಆಕ್ಟೇವ್ ಗುಂಡಿಯನ್ನು ಮೂರು ಸಲ ಒತ್ತಿದೆನೋ ಏನೋ, ಪೆಟ್ಟಿಗೆ ಗೊರಕೆ ಹೊಡೆಯಿತು. ಆಮೇಲೆ ಚಕ್ರ. "ನಿಮ್ಮ ಪೇಟಿಗೆ ಮೀಂಡ್ ಬರೂದಿಲ್ಲ, ಒಂದು ಸ್ವರದಿಂದ ಇನ್ನೊಂದಕ್ಕ ಜಾರಾಕ ಬರೂದಿಲ್ಲ" ಎಂದು ಹಾಡುವವರು ನಲವತ್ತು ವರ್ಷ ನನ್ನನ್ನು ಹಂಗಿಸಿದ್ದಾರೆ. ಆ ಸೇಡನ್ನೆಲ್ಲ ಒಂದೇ ಮಧ್ಯಾಹ್ನ ತೀರಿಸಿಕೊಂಡೆ. ಲ್ಯಾಪ್‌ಟಾಪಿನ ದನಿ ಹೊರಗೇ ಇತ್ತು. ನಿಮ್ಮವ್ವ ಒಳಗಿನಿಂದ, "ಬೆಕ್ಕು ಹೊಕ್ಕೈತೇನ್ರಿ?" ಎಂದಳು.

ಈಗ ನಿಜ ಹೇಳುತ್ತೇನೆ. ಎರಡನೆಯ ನಾಬ್ ತಿರುಗಿಸಿದ ದಿನ ನನ್ನ ಎದೆ ಒಡೆಯಿತು.

ಹೆಡ್‌ಫೋನ್ ಹಾಕಿಕೊಂಡು ಮೇಲಿನ ಷಡ್ಜ ಹಿಡಿದಿದ್ದೆ. ನಾಬನ್ನು ಬಲಕ್ಕೆ ತಿರುಗಿಸಿದೆ, ಸರಿಯಾಗಿತ್ತು. ಎಡಕ್ಕೆ ತಿರುಗಿಸಿದೆ, ಸ್ವರ ಇಳಿಯಿತು. ಪೂರ್ತಿ ಪಟ್ಟಿಯಷ್ಟಲ್ಲ, ಆದರೆ ಶ್ರುತಿ ತಪ್ಪಿದೆ ಎಂದು ಬೈಯುವಷ್ಟು. ನಾಬ್ ಸ್ವರವನ್ನೂ ಬದಲಿಸುತ್ತದೇನೋ ಎಂದುಕೊಂಡೆ. ನಿಮ್ಮವ್ವನಿಗೆ ಕೇಳಿಸಿದೆ. "ಎರಡೂ ಕಿವ್ಯಾಗ ಒಂದ ಐತ್ರಿ" ಎಂದಳು. ಹೆಡ್‌ಫೋನನ್ನು ಅದಲು ಬದಲು ಮಾಡಿ ಹಾಕಿಕೊಂಡೆ. ಆಗಲೂ ಎಡಗಿವಿಯಲ್ಲಿ ಇಳಿದೇ ಕೇಳಿತು. ಒಂದೇ ಪಟ್ಟಿ, ನನಗೆ ಎರಡು ಸ್ವರ. ಇನ್ನೂ ಮೇಲಿನ ಪಟ್ಟಿಗಳಂತೂ ಎರಡೂ ಕಿವಿಗೆ ಅರ್ಧಂಬರ್ಧ. ಹಳೆಯ ಪೇಟಿ ಕೈಗೂ ಎದೆಗೂ ತಾಗುತ್ತಿತ್ತು, ಅದಕ್ಕೇ ನನಗೆ ಗೊತ್ತಾಗಿರಲಿಲ್ಲ.

ಗುಣವತಿ ಆರು ವರ್ಷವೂ ನನ್ನ ಎಡಕ್ಕೆ ಕೂಡುತ್ತಿದ್ದಳು.

ಮರುದಿನವೇ ಕೋಠಿಗೆ ಹೋದೆ. ಅಂಗಡಿಯ ಮುಂದೆ ಔಷಧಿಗೆ ನಿಂತವರ ಗದ್ದಲ. ನನ್ನ ದನಿ ಎಷ್ಟು ಜೋರಾಗಿದೆ ಎಂದು ನನಗೀಗ ತಿಳಿಯುವುದಿಲ್ಲ. "ತಂಗೀ, ತಪ್ಪು ನಂದು! ನಿನ್ನ ಶ್ರುತಿ ಬರೋಬ್ಬರಿ ಇತ್ತು, ನನ್ನ ಎಡಗಿವಿ ಕೆಟ್ಟೈತಿ!" ಎಂದೆ. ಇಡೀ ಸಾಲು ತಿರುಗಿ ನೋಡಿತು. ಅವಳು ಹೊರಗೆ ಬಂದು ನನ್ನ ಕೈ ಹಿಡಿದು, "ಮೆಲ್ಲಗ ಮಾತಾಡ್ರಿ ಗುರುಗಳ, ಎಲ್ಲಾರೂ ನೋಡಾಕತ್ತಾರ" ಎಂದಳು. ಕಣ್ಣು ತುಂಬಿದ್ದವು. ಸೋಮವಾರ ಬಾ ಎಂದು ಕರೆದೆ.

"ಮಂಡಳಿಯವ್ರಿಗೆ ಹೇಳೀರೇನ್ರಿ?"

"ಇಲ್ಲ."

"ನನಗ ಬೈದಿದ್ದು ಅವ್ರೆಲ್ಲಾರ ಮುಂದ. ನೀವು ಹೇಳಿದ ದಿನ ನಾ ಬರ್ತೀನ್ರಿ."

ನ್ಯಾಯವಾದ ಮಾತು. ಆದರೆ ಶಿವಗಂಗಾ, ನನಗೆ ಹೆದರಿಕೆ. ಆಫೀಸಿನಲ್ಲಿ ಮೂವತ್ತು ವರ್ಷ ನಾನು ಬರೀ ಗುಮಾಸ್ತ. ಈ ಊರಿನಲ್ಲಿ ನನ್ನನ್ನು ಅಮೃತಪ್ಪನವರೇ ಎಂದು ಎದ್ದು ನಿಂತು ಕರೆಯುವುದು ಆ ಮಾಳಿಗೆಯ ಮೇಲೆ, ಪೇಟಿಯ ಮುಂದೆ ಕೂತಾಗ ಮಾತ್ರ. ಕಿವುಡನ ಮುಂದೆ ಯಾರು ಹಾಡುತ್ತಾರೆ?

ಅಪ್ಪ


ಧಾರವಾಡ
13 ಮಾರ್ಚ್ 2024

ಅಪ್ಪಾ,

ಮೊದಲು ಕಿವಿಯ ಡಾಕ್ಟರರ ಹತ್ತಿರ ಹೋಗಿ. ಅವ್ವನನ್ನು ಕರೆದುಕೊಂಡು ಹೋಗಿ, ಒಬ್ಬರೇ ಹೋದರೆ ಅರ್ಧ ಕೇಳಿಸಿಕೊಂಡು ಪೂರ್ತಿ ಕೇಳಿದೆ ಎನ್ನುತ್ತೀರಿ.

ಮಂಡಳಿಯವರು ಏನು ಮಾಡುತ್ತಾರೋ ನನಗೆ ಗೊತ್ತಿಲ್ಲ. ಸುಳ್ಳು ಧೈರ್ಯ ಹೇಳಲಾರೆ. ಪೇಟಿ ಎತ್ತಿದರೂ ಎತ್ತಬಹುದು. ಆದರೆ ಶ್ರುತಿ ತಪ್ಪಿದವಳು ಎಂಬ ಮಾತನ್ನು ಹೊತ್ತುಕೊಂಡು ಆ ಹುಡುಗಿ ಕೋಠಿಯಲ್ಲಿ ದಿನಾ ಓಡಾಡುತ್ತಿದ್ದಾಳೆ. ಅದನ್ನು ಇಳಿಸಬಲ್ಲವರು ನೀವೊಬ್ಬರೇ. ನನ್ನ ಅಪ್ಪ ಹೆದರುತ್ತಾರೆ ಎಂದು ಓದಿ ನನಗೆ ನಿಮ್ಮ ಮೇಲೆ ಪ್ರೀತಿ ಹೆಚ್ಚಾಯಿತು. ಹೆದರಿ ಸುಮ್ಮನಿದ್ದರು ಎಂದು ಮಾತ್ರ ಓದಿಸಬೇಡಿ.

ಶಿವಗಂಗಾ


ಹಿಮಾಯತ್‌ನಗರ
9 ಏಪ್ರಿಲ್ 2024, ಯುಗಾದಿ

ಮಗಳೇ ಶಿವಗಂಗಾ,

ಡಾಕ್ಟರು ಕಿವಿಗೆ ಯಂತ್ರ ಬರೆದುಕೊಟ್ಟಿದ್ದಾರೆ, ಮುಂದಿನ ವಾರ ಬರುತ್ತದೆ. ಮಾತಿಗೆ ಅನುಕೂಲವಾದೀತಂತೆ, ಮೇಲಿನ ಸ್ವರಗಳ ಭರವಸೆ ಕೊಡಲಾರೆ ಎಂದರು. ಇಷ್ಟನ್ನೂ ನಿಮ್ಮವ್ವನೇ ಕೇಳಿಸಿಕೊಂಡು ನನಗೆ ಹೇಳಿದಳು.

ನಾಲ್ಕು ಸೋಮವಾರ ಹೇಳಬೇಕೆಂದು ಹೋಗಿ ಹೇಳದೆ ಬಂದೆ. ನಿನ್ನೆ ಗುಣವತಿಯ ಅಂಗಡಿಗೆ ಹೋಗಿ, "ಇವತ್ತು ಬಾ" ಎಂದೆ. ಅವಳು ಬಂದು ಬಾಗಿಲಲ್ಲೇ ನಿಂತಳು. ನಿನ್ನ ಕೀಬೋರ್ಡನ್ನು ಮುಂದಿಟ್ಟುಕೊಂಡು, ಲ್ಯಾಪ್‌ಟಾಪನ್ನು ಅಲ್ಲಿನ ಸ್ಪೀಕರಿಗೆ ಹಚ್ಚಿ, ಎಲ್ಲರೂ ಕೂತ ಮೇಲೆ ಕೈ ಎತ್ತಿದೆ. "ಗುಣವತಿದು ಶ್ರುತಿ ತಪ್ಪಿರಲಿಲ್ರಿ. ನನ್ನ ಕಿವಿ ತಪ್ಪಿತ್ತು. ಮ್ಯಾಲಿನ ಸ್ವರ ನನಗ ಸರಿಯಾಗಿ ಕೇಳೂದಿಲ್ಲ. ಪೇಟಿಗೆ ಬ್ಯಾರೆಯವ್ರನ್ನ ಕೂಡಸ್ತೀರಿ ಅಂದ್ರ ಈಗ ಎದ್ದೇಳ್ತೀನಿ" ಎಂದೆ.

ಕಲ್ಯಾಣಪ್ಪ ನೆಲ ನೋಡುತ್ತ, "ಗುಣವತಿದು ನಮಗ ಗೊತ್ತಾಗಲಿಲ್ರಿ, ಗುರುಗಳು ಅಂದ್ರ ಖರೇ ಇರಬೇಕು ಅಂದ್ಕೊಂಡ್ವಿ. ಕಿವಿದು ಗೊತ್ತೈತ್ರಿ, ಎರಡು ವರ್ಷ ಆತು" ಎಂದ.

ನಿನಗೆ ನಾನು ಬರೆದಿರಲಿಲ್ಲ. ಎರಡು ವರ್ಷದ ಹಿಂದೆ ಕಲ್ಯಾಣಪ್ಪ ತನ್ನ ಗಂಟಲು ಬಿತ್ತೆಂದು ಹೇಳಿ ಭಜನೆಯ ಶ್ರುತಿಯನ್ನು ಕರಿ ಎರಡರಿಂದ ಬಿಳಿ ಒಂದಕ್ಕೆ ಇಳಿಸಿಕೊಂಡಿದ್ದ, ಮೂರು ಪಟ್ಟಿ ಕೆಳಗೆ. ಪಾಪ, ವಯಸ್ಸಾಯಿತು ಎಂದು ನಾನು ಕನಿಕರ ಪಟ್ಟಿದ್ದೆ, ಜ್ಯೇಷ್ಠಮಧು ಬೇರೆ ತಂದುಕೊಟ್ಟಿದ್ದೆ.

"ಮತ್ತ ನಿನ್ನ ಗಂಟಲ?"

"ನನ್ನ ಗಂಟಲಕ್ಕ ಏನಾಗೇತ್ರಿ? ಕೆಳಗ ಹಾಡಿದ್ರ ನಿಮಗ ಕೇಳ್ತೈತಿ ಅಂತ ಎಲ್ಲಾರೂ ಕೂಡಿ ಇಳಿಸಿದ್ವಿ."

ಮೈ ಉರಿಯಿತು. ಎರಡು ವರ್ಷ ಇವರೆಲ್ಲ ಕೂಡಿ ನನ್ನನ್ನು ಮಗುವಿನಂತೆ ನಡೆಸಿಕೊಂಡರಲ್ಲ ಎಂದು ಬಾಯಿಗೆ ಬಂದದ್ದು ಅನ್ನಬೇಕೆನಿಸಿತು. ಅಷ್ಟರಲ್ಲಿ ಹಿಂದೆ ಕೂತ ಹೆಣ್ಣುಮಗಳೊಬ್ಬಳು, "ಕೆಳಗ ಹಾಡಿ ಹಾಡಿ ನಮ್ಮ ದನಿ ಗಂಡಸರ ದನಿ ಆಗೇತ್ರಿ" ಎಂದಳು. ಎಲ್ಲರೂ ನಕ್ಕರು. ನಾನು ನಗಲಿಲ್ಲ ಶಿವಗಂಗಾ, ಅತ್ತೆ. ಮಂದಿಯ ಮುಂದೆ, ಕೈಯಲ್ಲಿ ಮುಖ ಮುಚ್ಚಿಕೊಳ್ಳದೆ ಅತ್ತೆ.

ಆಮೇಲೆ ಗುಣವತಿಯನ್ನು ಕರೆದು ಬಲಕ್ಕೆ, ನನಗೆ ಮುಖ ಕಾಣುವಂತೆ ಕೂಡಿಸಿಕೊಂಡೆ. "ನಿಮ್ಮ ನಿಮ್ಮ ಖರೇ ದನಿಲೆ ಹಾಡ್ರಿ" ಎಂದು ಹೇಳಿ, ಶ್ರುತಿ ಏರಿಸುವ ಗುಂಡಿಯನ್ನು ಒತ್ತಿದೆ. ಒಂದು, ಎರಡು, ಮೂರು.

ಪದ ಮೇಲೇರಿದಾಗ ಎಲ್ಲರ ಬಾಯಿ ಅಗಲವಾಗಿ ತೆರೆದದ್ದು ಕಂಡಿತು, ದನಿ ಅರ್ಧಕ್ಕರ್ಧ ಬಂತು. ನಾನು ಬೆರಳು ನಿಲ್ಲಿಸಲಿಲ್ಲ. ಒಂದು ಕಡೆ ಗುಣವತಿ ತಲೆ ಅಲ್ಲಾಡಿಸಿದಳು. ತಪ್ಪಿದ್ದೆ. ಪಟ್ಟಿ ಬದಲಿಸಿ ಅವಳ ಮುಖ ನೋಡಿದೆ. ಹೂಂ ಎಂದಳು.

ನಿನ್ನ ಅಪ್ಪ,
ಅಮೃತಪ್ಪ